ಬೋಲ್ಟು ಕೂತರೆ ಗಾಲಿ ಕೂತಂತಲ್ಲ

ಇಂಡಿ ಪಟ್ಟಣದ ಪೇಟೆಗೆ ಬೆಳಗಿನ ಹೊತ್ತು ಕಾಲಿಟ್ಟರೆ ಮೊದಲು ಎದುರಾಗುವುದು ಲಿಂಬೆಯ ವಾಸನೆ. ಚೀಲಗಟ್ಟಲೆ ಲಿಂಬೆ ಟಂಟಂಗಳಿಂದ ಇಳಿಯುತ್ತಿರುತ್ತದೆ, ಲಾರಿಗಳಿಗೆ ಏರುತ್ತಿರುತ್ತದೆ. ವಿಜಯಪುರ ಜಿಲ್ಲೆಯ ಈ ಒಣ ನೆಲದ ಹಣ್ಣಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೆ ಕಳೆದ ಎಳ್ಳಮಾವಾಸ್ಯೆಗೆ ನಾಲ್ಕು ದಿನ ಮುಂಚೆ ನಾವು ಮೂವರು ಇಂಡಿಗೆ ಹೋದದ್ದು ಲಿಂಬೆಗಾಗಿ ಅಲ್ಲ. ಒಂದು ಹಳೆಯ ಜೀಪನ್ನು ಮನೆಗೆ ತರುವುದಕ್ಕಾಗಿ.

ಮೂವರೆಂದರೆ ನನ್ನ ಅಣ್ಣ, ಅವನ ಮಗ ಮತ್ತು ನಾನು. ಜೀಪು ನಮ್ಮ ತಂದೆಯವರ ಕಾಲದ್ದು. ಬಸವನ ಬಾಗೇವಾಡಿ ತಾಲ್ಲೂಕಿನ ನಮ್ಮ ಊರಿನಲ್ಲಿ ಹತ್ತಾರು ವರ್ಷ ಬೇವಿನ ಮರದ ಕೆಳಗೆ ನಿಂತು, ಕೋಳಿಗಳಿಗೆ ಮನೆಯಾಗಿತ್ತು. ಮಾರಿಬಿಡೋಣ ಎಂದು ಅಣ್ಣ. ರಿಪೇರಿ ಮಾಡಿಸೋಣ ಎಂದು ಮಗ. ಎಂಬತ್ತು ದಾಟಿದ ನಮ್ಮ ಅವ್ವ ಒಂದೇ ಮಾತು ಹೇಳಿದಳು: “ಎಳ್ಳಮಾಸಿಗೆ ಹೊಲಕ್ಕ ಅದರಾಗ ಹೋಗೂದು.” ಅಲ್ಲಿಗೆ ವಾದ ಮುಗಿಯಿತು. ಬಾಡಿ ಕೆಲಸ ಚೆನ್ನಾಗಿ ಮಾಡುವವರು ಇಂಡಿಯಲ್ಲಿ ಇದ್ದಾರೆಂದು ಯಾರೋ ಹೇಳಿದ್ದರಿಂದ ಜೀಪು ಎರಡು ತಿಂಗಳ ಹಿಂದೆಯೇ ಅಲ್ಲಿಗೆ ಹೋಗಿತ್ತು.

ಹುಡುಗ ಆಟೊಮೊಬೈಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾನೆ. ಅವನ ಖೋಲಿಯ ಗೋಡೆಯ ಮೇಲೆ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳ ಚಿತ್ರಗಳಿವೆ. ಅಂಥ ಕಾರು ಕೊಳ್ಳುವ ಮಾತು ನಮ್ಮಂಥವರ ಮನೆಯಲ್ಲಿ ಬರುವಂಥದಲ್ಲ. ಇದ್ದ ಜೀಪಿಗೇ ಆ ಠೀವಿ ತರಬೇಕೆಂದು ಅವನು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದನೆಂದು ನಮಗೆ ಇಂಡಿಯಲ್ಲಿ ಗೊತ್ತಾಯಿತು.

ಐದು ತೂತಿನ ಲೆಕ್ಕ

ಜೀಪು ಹೊಳೆಯುತ್ತ ನಿಂತಿತ್ತು. ಆದರೆ ಅದರ ಕಾಲುಗಳು ಬದಲಾಗಿದ್ದವು. 16 ಅಂಗುಲದ ಸಪೂರ ಉಕ್ಕಿನ ಗಾಲಿಗಳ ಜಾಗದಲ್ಲಿ 15 ಅಂಗುಲದ, 7 ಅಂಗುಲ ಅಗಲದ, ತಟ್ಟೆಯಂತೆ ಒಳಕ್ಕೆ ತಗ್ಗಿದ ಗಾಲಿಗಳು. ಅವಕ್ಕೆ ದಪ್ಪ ದಪ್ಪ ಟೈರುಗಳು. ಯಾರೋ ಬಳಸಿ ಬಿಟ್ಟ ಸೆಟ್ಟು. ಒಂದು ವಾರ ನೋಡಿ, ಬೇಡವಾದರೆ ಹಿಂದಿರುಗಿಸುವ ಕರಾರಿನ ಮೇಲೆ ಹುಡುಗ ಹಾಕಿಸಿದ್ದ. ಹಳೆಯ ನಾಲ್ಕು ಗಾಲಿಗಳು ಜೀಪಿನ ಹಿಂಭಾಗದಲ್ಲಿ ಚೀಲ ಹೊದ್ದು ಮಲಗಿದ್ದವು.

ಅಣ್ಣನ ಮುಖ ನೋಡಿ ಹುಡುಗ ಅವಸರದಿಂದ ಹೇಳಿದ: “ಅಪ್ಪಾ, ಐದೂ ತೂತು ಬರೋಬ್ಬರಿ ಕೂತಾವ. ಸಾಡೇ ಐದು ಇಂಚಿನ ಪಿ.ಸಿ.ಡಿ.”

ಅವನು ಹೇಳಿದ್ದು ಸುಳ್ಳಲ್ಲ. ಗಾಲಿಯ ಬೋಲ್ಟುಗಳ ನಡುಬಿಂದುಗಳನ್ನು ಸೇರಿಸಿ ಒಂದು ವೃತ್ತ ಬರೆದರೆ ಅದರ ವ್ಯಾಸಕ್ಕೆ ಪಿ.ಸಿ.ಡಿ. ಎನ್ನುತ್ತಾರೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಿಗೆ ಐದು ಬೋಲ್ಟು, ಐದೂವರೆ ಅಂಗುಲದ ವೃತ್ತ. ಈ ಅಳತೆ ತಪ್ಪಿದರೆ ಗಾಲಿ ಕೂರುವುದೇ ಇಲ್ಲ. ಹಾಗೆಂದು ಈ ಅಳತೆ ಸರಿಹೋದ ಗಾಲಿಯೆಲ್ಲ ಆ ಗಾಡಿಯ ಗಾಲಿಯೇ? ಇದರ ಉತ್ತರ ಸಿಗಲು ನಾವು ಮೂರು ತಾಲ್ಲೂಕು ದಾಟಬೇಕಾಯಿತು.

ಗಾಲಿ ಚಿಕ್ಕದಾಯಿತಲ್ಲ, 16 ಇದ್ದದ್ದು 15 ಯಾಕೆ ಎಂದು ಅಣ್ಣ ಕೇಳಿದ. ಇದನ್ನು ಹುಡುಗ ಚೆನ್ನಾಗಿಯೇ ಬಿಡಿಸಿ ಹೇಳಿದ. ಹಳೆಯ ಟೈರಿನ ಮೇಲೆ 6.00-16 ಎಂದಿರುತ್ತದೆ. ಟೈರಿನ ಅಗಲ ಸುಮಾರು 6 ಅಂಗುಲ, ರಿಮ್ಮಿನ ವ್ಯಾಸ 16 ಅಂಗುಲ. ಆ ಕಾಲದ ಟೈರಿನ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ. ಮೇಲೆ 6, ಕೆಳಗೆ 6, ನಡುವೆ 16. ಒಟ್ಟು 28 ಅಂಗುಲ, ಅಂದರೆ 711 ಮಿಲಿಮೀಟರ್. ಹೊಸ ಟೈರಿನ ಮೇಲಿದ್ದದ್ದು 235/75 ಆರ್ 15. ಅಗಲ 235 ಮಿ.ಮೀ., ಎತ್ತರ ಅದರ ನೂರಕ್ಕೆ 75, ಅಂದರೆ 176. ಅದರ ಎರಡರಷ್ಟು 352ಕ್ಕೆ 15 ಅಂಗುಲದ 381 ಸೇರಿಸಿದರೆ 733 ಮಿ.ಮೀ. ರಿಮ್ಮು ಚಿಕ್ಕದು, ಟೈರು ದೊಡ್ಡದು. ವ್ಯತ್ಯಾಸ ನೂರಕ್ಕೆ ಮೂರು. ಮುಳ್ಳು 60 ತೋರಿಸುವಾಗ ಗಾಡಿ 62ರಲ್ಲಿ ಓಡುತ್ತಿರುತ್ತದೆ, ಅಷ್ಟೇ. ಲೆಕ್ಕ ಕೇಳಿ ಅಣ್ಣ ಸ್ವಲ್ಪ ತಣ್ಣಗಾದ. ಅಕ್ಕನ ಮನೆಗೆಂದು ಒಂದು ಚೀಲ ಲಿಂಬೆ ಏರಿಸಿಕೊಂಡು ಹೊರಟೆವು.

ಸಿಂದಗಿಯ ಮಿಸ್ತ್ರಿ

ಇಂಡಿಯಿಂದ ಸಿಂದಗಿಯ ಕಡೆ ಬರುವ ದಾರಿಯಲ್ಲಿ ಎರಡೂ ಬದಿ ತೊಗರಿ ಒಣಗಿ ಕೊಯ್ಲಿಗೆ ನಿಂತಿತ್ತು. ಬಿಳಿಜೋಳ ಇನ್ನೂ ಹಸಿರಾಗಿತ್ತು. ನೋಡಲು ಸೊಗಸಾದ ದಾರಿ. ಆದರೆ ಸ್ಟೀರಿಂಗ್ ಹಿಡಿದ ಹುಡುಗನಿಗೆ ನೋಡುವ ಪುರಸೊತ್ತಿರಲಿಲ್ಲ. ಒಂದು ಬದಿಯ ಗಾಲಿ ಸಣ್ಣ ತಗ್ಗಿಗೆ ಬಿದ್ದರೂ ಸ್ಟೀರಿಂಗ್ ಕೈಯಿಂದ ಕಸಿದುಕೊಂಡು ಆ ಬದಿಗೇ ತಿರುಗುತ್ತಿತ್ತು. ಮಡ್‌ಗಾರ್ಡಿನಿಂದ ಹೊರಚಾಚಿದ್ದ ಟೈರುಗಳು ಸಿಡಿಸಿದ ಹರಳು ಬಂದು ಬಾಗಿಲಿಲ್ಲದ ಜೀಪಿನಲ್ಲಿ ಕೂತ ನಮ್ಮ ಮೈಗೇ ತಾಗುತ್ತಿತ್ತು. ಅಣ್ಣ ಎರಡು ಸಲ “ಸಾವಕಾಶ” ಎಂದ. ಮೂರನೆಯ ಸಲ ಏನೂ ಅನ್ನಲಿಲ್ಲ, ಮುಂದಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡ.

ಸಿಂದಗಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಪಕ್ಕದಲ್ಲೇ ಒಂದು ಗ್ಯಾರೇಜು. ವಯಸ್ಸಾದ ಮಿಸ್ತ್ರಿ ಹಳೆಯ ಜೀಪು ಕಂಡದ್ದೇ ಎದ್ದು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಂದಿನ ಎರಡೂ ಗಾಲಿಗಳ ನಡುವಿನ ಹಬ್ಬಿಗೆ ಅಂಗೈಯ ಹಿಂಭಾಗ ತಾಗಿಸಿದರು.

“ಎಡದ್ದು ಕಾದದ ನೋಡ್ರಿ,” ಎಂದರು ಅಣ್ಣನಿಗೆ. ಆಮೇಲೆ ಹುಡುಗನ ಕಡೆ ತಿರುಗಿ, “ತಮ್ಮಾ, ಬೋಲ್ಟ್ ಕೂತ್ರ ಗಾಲಿ ಕೂತಂಗಲ್ಲ. ಗಾಲಿ ಹೊರಗ ಹೋಗೇತಿ.”

ಹಬ್ಬಿನೊಳಗಿನ ಬೇರಿಂಗು ಮೊದಲೇ ಸವೆದಿತ್ತಂತೆ. ಅದರ ಮೇಲೆ ಈ ಭಾರ. ಹೊರಗೆ ಹೋದರೆ ಭಾರ ಹೇಗೆ ಹೆಚ್ಚುತ್ತದೆ, ಜೀಪಿನ ತೂಕ ಅಷ್ಟೇ ಅಲ್ಲವೇ ಎಂದು ಅಣ್ಣ ಕೇಳಿದ. ಮಿಸ್ತ್ರಿ ರಸ್ತೆಯಾಚೆ ಕೊಡ ಹೊತ್ತು ಹೋಗುತ್ತಿದ್ದ ಹೆಣ್ಣುಮಗಳನ್ನು ತೋರಿಸಿದರು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅರ್ಧ ಹರದಾರಿ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ, ಹತ್ತು ಹೆಜ್ಜೆ ನಡೆಯಲಾಗದು. ನೀರು ಅಷ್ಟೇ, ಕೊಡವೂ ಅದೇ. ಬದಲಾದದ್ದು ಮೈಯಿಂದ ಅದರ ದೂರ.

ಸ್ಟೀರಿಂಗ್ ಕಸಿಯುವುದಕ್ಕೂ ಕಾರಣ ಇದೇ. ಮುಂದಿನ ಗಾಲಿ ಬಾಗಿಲಿನಂತೆ ಒಂದು ಗೆರೆಯ ಸುತ್ತ ತಿರುಗುತ್ತದೆ. ಬಾಗಿಲನ್ನು ಬಿಜಾಗರಿಯ ಹತ್ತಿರ ದೂಡಿದರೆ ಅಲುಗುವುದಿಲ್ಲ, ಅಂಚಿನಲ್ಲಿ ಒಂದು ಬೆರಳಿಟ್ಟರೂ ತೆರೆಯುತ್ತದೆ. ಟೈರು ನೆಲ ಮುಟ್ಟುವ ಜಾಗ ಆ ಗೆರೆಯಿಂದ ದೂರ ಸರಿದಷ್ಟೂ ರಸ್ತೆಯ ಪ್ರತಿ ಕಲ್ಲೂ ಪ್ರತಿ ತಗ್ಗೂ ಗಾಲಿಯನ್ನು ತಿರುವುವ ಬೆರಳಾಗುತ್ತದೆ.

ಹುಡುಗ ಹೊರಡುವ ಮುನ್ನ ಇನ್ನೊಂದು ಉಪಾಯ ಹೂಡಿದ. ಹಳೆಯ ಗಾಲಿಯನ್ನೇ ಹಾಕುವುದಾದರೆ ಅವಕ್ಕೆ ಟೈರು ಬೇಕು. ಎದುರಿನ ಅಂಗಡಿಯಲ್ಲಿ 6.00-16 ಎಂದು ಬರೆದ ಟೈರುಗಳು ಸಾಲಾಗಿ ನಿಂತಿದ್ದವು. ಮಿಸ್ತ್ರಿ ನಕ್ಕರು. ಅವು ಟ್ರ್ಯಾಕ್ಟರಿನ ಮುಂದಿನ ಟೈರುಗಳು. ಅಳತೆ ಒಂದೇ, ರಿಮ್ಮಿಗೆ ಕೂರುತ್ತವೆ ಕೂಡ. ಆದರೆ ಹೊಲದಲ್ಲಿ ಸಾಲು ಬಿಡದೆ ನಡೆಯಲೆಂದು ಅವಕ್ಕೆ ಉದ್ದುದ್ದ ಏಣುಗಳು. ಪಕ್ಕದಲ್ಲಿ ಎ6 ಅಥವಾ ಎ8 ಎಂಬ ಗುರುತು. ಎ6 ಎಂದರೆ ಗಂಟೆಗೆ 30 ಕಿಲೋಮೀಟರ್, ಎ8 ಎಂದರೆ 40. ಅದಕ್ಕಿಂತ ವೇಗವಾಗಿ ಓಡಲು ಅವು ಹುಟ್ಟಿಲ್ಲ. ಬೆಳಗಿನಿಂದ ಎರಡನೆಯ ಸಲ ಹುಡುಗನಿಗೆ ‘ಕೂರುವುದು’ ಬೇರೆ, ‘ಹೊಂದುವುದು’ ಬೇರೆ ಎಂದು ಗೊತ್ತಾಯಿತು.

ಮಿಸ್ತ್ರಿ ಬೇರಿಂಗು ಬದಲಿಸಿ, ಗ್ರೀಸು ತುಂಬಿ, ನಿಧಾನ ಹೋಗಿ ಎಂದು ಕಳಿಸಿದರು. ಅಗಲ ಗಾಲಿಗಳು ಹಾಗೇ ಉಳಿದವು. ಹುಡುಗ ಇನ್ನೂ ಸೋತಿರಲಿಲ್ಲ.

ಜಾಡು ಹೇಳುವ ಮಾತು

ಸಿಂದಗಿಯಿಂದ ತೆಂಕಣಕ್ಕೆ ತಾಳಿಕೋಟೆಯ ದಾರಿ ಹಿಡಿದೆವು. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದ ತಾಳಿಕೋಟೆ ಈಗ ತಾನೇ ಒಂದು ತಾಲ್ಲೂಕು. ಚರಿತ್ರೆಯ ಪುಸ್ತಕದಲ್ಲಿ 1565ರ ಯುದ್ಧದ ಹೆಸರಾಗಿ ಮಕ್ಕಳು ಬಾಯಿಪಾಠ ಮಾಡುವ ಊರು ಇದೇ. ಇಲ್ಲಿ ಡೋಣಿ ನದಿಯ ಎರೆಭೂಮಿ ಕಣ್ಣು ಹಾಯುವಷ್ಟು ದೂರ ಮಲಗಿದೆ. ಡೋಣಿ ಕಣಿವೆ ಬೆಳೆದರೆ ಓಣಿ ಓಣಿಗೂ ಕಾಳು ಎಂದು ಹಿರಿಯರು ಹೊಗಳುವ ನೆಲ. ಅದೇ ಮಣ್ಣು ಮಳೆಗೆ ಉಬ್ಬಿ ಗಾಲಿಗೆ ಅಂಟಿದರೆ ಗಾಡಿ ಹೂಳುತ್ತದೆ. ಒಣಗಿದಾಗ ಗಾಲಿಯ ಜಾಡನ್ನು ಅಚ್ಚೊತ್ತಿದಂತೆ ಹಿಡಿದಿಟ್ಟುಕೊಳ್ಳುತ್ತದೆ.

ಒಂದು ಕಡೆ ಡಾಂಬರು ರಸ್ತೆ ಅಗೆದಿದ್ದರಿಂದ ಹೊಲದ ಬದಿಯ ಬಂಡಿದಾರಿಗೆ ಇಳಿಯಬೇಕಾಯಿತು. ಆಗ ಒಂದು ವಿಚಿತ್ರ ಕಂಡೆವು. ಜೀಪಿನ ಬಲಗಾಲಿಗಳನ್ನು ಜಾಡಿಗೆ ಇಳಿಸಿದರೆ ಎಡಗಾಲಿಗಳು ಜಾಡಿನ ಅಂಚಿನ ಮೇಲೆ. ಎಡಗಾಲಿ ಇಳಿಸಿದರೆ ಬಲಗಾಲಿ ಮೇಲೆ. ಜೀಪು ಒಂದು ಬದಿಗೆ ವಾಲಿಕೊಂಡೇ ಸಾಗಿತು. ಅಪ್ಪನ ಕಾಲದಲ್ಲಿ ಇದೇ ಜೀಪು ಇಂಥ ಜಾಡುಗಳಲ್ಲಿ ಇಷ್ಟು ಒದ್ದಾಡುತ್ತಿರಲಿಲ್ಲವೆಂದು ಅಣ್ಣ ಗೊಣಗಿದ.

ಮುಂದೆ ಒಂದು ಹಳ್ಳಿಯ ಅಗಸೆಯಲ್ಲಿ ಬಡಿಗೇರ ಅಜ್ಜ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಕಟ್ಟಿಗೆಯ ಹಳೆಯ ಗಾಲಿಯೊಂದು ಗೋಡೆಗೆ ಒರಗಿತ್ತು. ಈಗ ಚಕ್ಕಡಿಗಳಿಗೂ ಟೈರು ಬಂದಿವೆ. ಅಜ್ಜನ ಕೈಗೆ ಗಾಲಿಯ ಕೆಲಸ ಅಪರೂಪ. ಹುಡುಗ ಆ ಗಾಲಿಯನ್ನು ಪಕ್ಕದಿಂದ ನೋಡಿ ಬೆರಗಾದ. ಅದು ಚಪ್ಪಟೆ ಇರಲಿಲ್ಲ. ಗುಂಬದಿಂದ ಹೊರಟ ಅರೆಕಾಲುಗಳು ತುಸು ಹೊರಕ್ಕೆ ವಾಲಿ ಗಾಲಿ ಆಳವಿಲ್ಲದ ತಟ್ಟೆಯಂತಿತ್ತು. ಅವನ ‘ಫ್ಯಾಶನ್’ ಗಾಲಿಯ ತಗ್ಗು ಇಲ್ಲಿ ಕಟ್ಟಿಗೆಯಲ್ಲಿತ್ತು! ಆದರೆ ಕಾರಣ ಬೇರೆ. ಎತ್ತುಗಳು ನಡೆಯುವಾಗ ಬಂಡಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಆ ಅಡ್ಡಹೊಡೆತವನ್ನು ವಾಲಿದ ಅರೆಕಾಲುಗಳು ತಡೆದುಕೊಳ್ಳುತ್ತವೆ. ಕಾಯಿಸಿದ ಕಬ್ಬಿಣದ ಹಳಿ ಆರುತ್ತ ಬಿಗಿದಂತೆ ಗಾಲಿಯ ಎಲ್ಲ ಭಾಗಗಳನ್ನೂ ಒತ್ತಿ ಒಂದು ಮಾಡುತ್ತದೆ.

“ಅಚ್ಚಿನ ಅಳತಿ ಎಷ್ಟು ಇಡತಿದ್ರಿ ಅಜ್ಜಾ?” ಎಂದು ಹುಡುಗ ಕೇಳಿದ.

“ಊರ ಬಂಡಿ ಎಷ್ಟು ಇರತಾವೋ ಅಷ್ಟ. ಜಾಡ ನಮ್ಮ ಮಾತ ಕೇಳಂಗಿಲ್ಲಪಾ, ನಾವs ಜಾಡಿನ ಮಾತ ಕೇಳಬೇಕು.”

ಮುದ್ದೇಬಿಹಾಳದ ಟ್ರ್ಯಾಕ್ಟರು

ಮುದ್ದೇಬಿಹಾಳ ಇನ್ನು ಸ್ವಲ್ಪ ದೂರ ಇರುವಾಗ ಕಬ್ಬಿನ ಹೊಲದ ಬದಿಯಲ್ಲಿ ಒಂದು ಟ್ರ್ಯಾಕ್ಟರು ಕಟ್ಟಿಗೆ ತುಂಡಿನ ಮೇಲೆ ನಿಂತಿತ್ತು. ಹಿಂದಿನ ಗಾಲಿಗಳನ್ನು ಬಿಚ್ಚಿ ರೈತರಿಬ್ಬರು ಬೆವರು ಸುರಿಸುತ್ತಿದ್ದರು. ಪಂಚರ್ ಇರಬೇಕೆಂದು ಸಹಾಯಕ್ಕೆ ನಿಲ್ಲಿಸಿದರೆ, ಅವರು ಮಾಡುತ್ತಿದ್ದದ್ದು ನಮ್ಮ ಹುಡುಗನ ಪಾಠವನ್ನೇ.

ಟ್ರ್ಯಾಕ್ಟರಿನ ಹಿಂದಿನ ಗಾಲಿಯಲ್ಲಿ ರಿಮ್ಮು ಬೇರೆ, ನಡುವಿನ ಡಿಸ್ಕು ಬೇರೆ. ಎರಡನ್ನೂ ಬೋಲ್ಟಿನಿಂದ ಸೇರಿಸಿರುತ್ತಾರೆ. ಡಿಸ್ಕು ಬಟ್ಟಲಿನಂತೆ ತಗ್ಗಾಗಿರುವುದರಿಂದ ಅದನ್ನು ಮಗುಚಿ ಹಾಕಿದರೆ ಗಾಲಿ ಒಳಗೋ ಹೊರಗೋ ಸರಿಯುತ್ತದೆ. ರಿಮ್ಮಿನ ಕಿವಿಗಳೂ ನಡುವಿನಲ್ಲಿರದೆ ಒಂದು ಬದಿಗಿರುತ್ತವೆ, ಅವನ್ನೂ ತಿರುಗಿಸಬಹುದು. ಹೀಗೆ ಎರಡು ಗಾಲಿಗಳ ನಡುವಿನ ಅಂತರವನ್ನು ಸಾಮಾನ್ಯವಾಗಿ ನಾಲ್ಕು ನಾಲ್ಕು ಅಂಗುಲದಂತೆ ಹೆಚ್ಚು ಕಡಿಮೆ ಮಾಡಬಹುದು. ಕಬ್ಬಿನ ಸಾಲು ನಾಲ್ಕು ಅಡಿಗೆ ಒಂದಾದರೆ ಗಾಲಿಗಳ ಅಂತರ 48 ಅಂಗುಲ. ಆಗ ಒಂದು ಸಾಲು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ, ಎರಡು ಗಾಲಿ ಎರಡು ಬದಿಯ ಬೋದಿನಲ್ಲಿ. ಬೆಳೆಯ ಸಾಲು ಮೂರು ಅಡಿಗೆ ಒಂದಾದರೆ 72 ಅಂಗುಲ. ಆಗ ಎರಡು ಸಾಲು ಹೊಟ್ಟೆಯ ಕೆಳಗೆ. ಮಗುಚಿದ ಗಾಲಿಯ ಹಲ್ಲುಗಳ ದಿಕ್ಕು ತಿರುವುಮುರುವು ಆಗಬಾರದೆಂದು ಎಡಗಾಲಿಯನ್ನು ಬಲಕ್ಕೆ, ಬಲಗಾಲಿಯನ್ನು ಎಡಕ್ಕೆ ಹಾಕುತ್ತಾರೆ.

“ಯಾವಾಗ್ಲೂ ಅಗಲs ಇಟ್ರ ಛಲೋ ಅಲ್ಲೇನ್ರಿ? ಗಟ್ಟಿ ನಿಂದರತದ,” ಎಂದ ಹುಡುಗ.

“ಇಳಿಜಾರಿನ್ಯಾಗ ಗಟ್ಟಿ ನಿಂದರತದ ಖರೆ. ಆದ್ರ ಅಚ್ಚಿನ ಮ್ಯಾಲ ಜಗ್ಗು ಬೀಳತದ. ಚಂದಕ್ಕ ಅಗಲ ಮಾಡಂಗಿಲ್ಲಪಾ, ಸಾಲಿಗೆ ಮಾಡತೀವಿ,” ಎಂದರು ರೈತರು.

ಹುಡುಗ ಅಲ್ಲೇ ಅವರೊಡನೆ ಸೇರಿ ಎರಡನೆಯ ಗಾಲಿ ಏರಿಸಿದ. ಕೈ ತೊಳೆದುಕೊಂಡು ಬಂದು ಜೀಪಿನ ಗಾಲಿಗಳನ್ನು ನೋಡುತ್ತ ಬಹಳ ಹೊತ್ತು ನಿಂತ. ಆ ರಾತ್ರಿ ಮುದ್ದೇಬಿಹಾಳದ ಅಕ್ಕನ ಮನೆಯಲ್ಲಿ ಉಳಿದೆವು. ಊಟಕ್ಕೆ ಕೂತಾಗ ಅವನು ಹೆಚ್ಚು ಮಾತಾಡಲಿಲ್ಲ.

ಬಾಗೇವಾಡಿಯ ಅಂಗಳದಲ್ಲಿ ಅಳತೆ

ಮರುದಿನ ಹೂವಿನ ಹಿಪ್ಪರಗಿಯ ಮೇಲಿಂದ ಬಸವನ ಬಾಗೇವಾಡಿಗೆ ಬಂದೆವು. ಬಸವಣ್ಣನವರು ಹುಟ್ಟಿದ ಊರು. ಗುಡಿಗೆ ಹೋಗಿ ಕೈಮುಗಿದು, ಪರಿಚಯದವರ ಅಂಗಳದಲ್ಲಿ ಜೀಪು ನಿಲ್ಲಿಸಿದೆವು. ಹುಡುಗ ತಾನಾಗಿಯೇ ಟೇಪು ತೆಗೆದ. “ಕಾಕಾ, ಒಂದು ನೆಟ್ಟಗಿನ ಪಟ್ಟಿ ಹಿಡೀರಿ,” ಎಂದ.

ಮಾಡುವ ಕ್ರಮ ಸುಲಭ. ಮನೆಯಲ್ಲಿ ಯಾರೂ ಮಾಡಬಹುದು. ಬಿಚ್ಚಿದ ಗಾಲಿಯನ್ನು ಮುಖ ಕೆಳಗಾಗಿ ಮಲಗಿಸಿ, ಒಳಬದಿಯ ಅಂಚಿನ ಮೇಲೆ ಅಡ್ಡಲಾಗಿ ನೆಟ್ಟನೆಯ ಪಟ್ಟಿಯಿಡಬೇಕು. ಪಟ್ಟಿಯಿಂದ, ಹಬ್ಬಿಗೆ ಅಂಟಿಕೊಳ್ಳುವ ಡಿಸ್ಕಿನ ಮುಖದವರೆಗಿನ ಆಳ ಅಳೆಯಬೇಕು. ಅನಂತರ ಅಂಚಿನಿಂದ ಅಂಚಿಗೆ ಗಾಲಿಯ ಪೂರ್ಣ ಅಗಲ ಅಳೆದು ಅರ್ಧ ಮಾಡಬೇಕು. ಆಳದಲ್ಲಿ ಈ ಅರ್ಧವನ್ನು ಕಳೆದರೆ ಉಳಿಯುವುದೇ ಆಫ್‌ಸೆಟ್. ಎಂದರೆ ಹಬ್ಬಿಗೆ ಅಂಟುವ ಮುಖ ಗಾಲಿಯ ನಡುಗೆರೆಯಿಂದ ಎಷ್ಟು ಸರಿದಿದೆ ಎಂಬ ಲೆಕ್ಕ. ಮುಖ ಹೊರಬದಿಗಿದ್ದರೆ ಅಧಿಕ, ಒಳಬದಿಗಿದ್ದರೆ ಋಣ, ನಡುವಿನಲ್ಲಿದ್ದರೆ ಸೊನ್ನೆ. ಎಷ್ಟೋ ಗಾಲಿಗಳ ಮೇಲೆ ಇದನ್ನು ಇ.ಟಿ. ಎಂಬ ಅಕ್ಷರಗಳ ಮುಂದೆ ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ.

ನಮ್ಮ ಹಳೆಯ ಗಾಲಿಯ ಪೂರ್ಣ ಅಗಲ 140 ಮಿ.ಮೀ., ಆಳ 100. ಅರ್ಧ 70 ಕಳೆದರೆ ಆಫ್‌ಸೆಟ್ ಅಧಿಕ 30. ಹೊಸ ಗಾಲಿಯ ಪೂರ್ಣ ಅಗಲ 203, ಆಳ 101 ಚಿಲ್ಲರೆ, ಆಫ್‌ಸೆಟ್ ಸೊನ್ನೆ. ಹುಡುಗ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದ: ಒಳಗಿನ ಆಳ ಎರಡಕ್ಕೂ ಒಂದೇ. ಹೆಚ್ಚಾದ ಅಗಲವೆಲ್ಲ, ಅಂದರೆ 62 ಮಿ.ಮೀ., ಎರಡೂವರೆ ಅಂಗುಲ, ಹೊರಕ್ಕೇ ಬಂದಿದೆ. ಗಾಲಿಯ ನಡುಗೆರೆ 30 ಮಿ.ಮೀ. ಹೊರಗೆ ಸರಿದಿದೆ. ಕಾದ ಹಬ್ಬು, ಕಸಿಯುವ ಸ್ಟೀರಿಂಗು, ಸಿಡಿಯುವ ಹರಳು, ಜಾಡಿಗೆ ಇಳಿಯದ ಗಾಲಿ—ನಾಲ್ಕಕ್ಕೂ ಈ ಎರಡು ಅಂಕಿಗಳೇ ಉತ್ತರ.

“ಹಂಗಾದ್ರ ಅಗಲ ಗಾಲಿ ಹಾಕಲೇಬಾರದೇನು?” ಎಂದು ಕೇಳಿದವನು ಅಣ್ಣ! ಮಗನ ಮುಖ ಸಣ್ಣದಾದದ್ದನ್ನು ಅವನು ನೋಡಿರಬೇಕು.

ಹಾಕಬಹುದು, ನಡುಗೆರೆ ಇದ್ದಲ್ಲೇ ಇರುವಂತೆ ಆರಿಸಬೇಕು ಎಂದು ಹುಡುಗ ಲೆಕ್ಕ ಮುಂದುವರಿಸಿದ. 178 ಮಿ.ಮೀ. ಪೂರ್ಣ ಅಗಲದ ಗಾಲಿಯನ್ನು ಅದೇ ಅಧಿಕ 30ರ ಆಫ್‌ಸೆಟ್ಟಿನಲ್ಲಿ ತಂದರೆ ಒಳಗೆ 19, ಹೊರಗೆ 19 ಹೆಚ್ಚುತ್ತದೆ. ಒಳಗಿನ 19ಕ್ಕೆ ಸ್ಪ್ರಿಂಗ್ ಪಟ್ಟಿಯ ಹತ್ತಿರ ಜಾಗವಿದೆಯೇ ಎಂದು ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡೂ ಬದಿ ನೋಡಬೇಕು.

ಅವನ ಗೋಡೆಯ ಚಿತ್ರಗಳ ನೆನಪು ನನಗಾಯಿತು. ಅಲ್ಲಿರುವ ಎಂ.ಜಿ. ಟಿ.ಸಿ. ಕಾರು 1945ರಿಂದ 1949ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದದ್ದು. ಅದರ ಗಾಲಿ 19 ಅಂಗುಲ ಎತ್ತರ, ಟೈರಿನ ಅಗಲ ನಾಲ್ಕೂವರೆ ಅಂಗುಲ ಮಾತ್ರ. ತಂತಿಯ ಅರೆಕಾಲುಗಳ ಆ ಗಾಲಿ ನಮ್ಮ ಬಂಡಿಯ ಗಾಲಿಯ ತಮ್ಮನಂತೆ ಕಾಣುತ್ತದೆ. ಸ್ಪೋರ್ಟ್ಸ್ ಕಾರಿನ ಹೆಸರನ್ನು ಜಗತ್ತಿಗೆ ಹಬ್ಬಿಸಿದವುಗಳಲ್ಲಿ ಅದೂ ಒಂದು. ಅನಂತರ 1962ರಿಂದ 1980ರವರೆಗೆ ಬಂದ ಎಂ.ಜಿ.ಬಿ. ಕಾರಿಗೆ ತಂತಿಗಾಲಿ, ಉಕ್ಕಿನ ಡಿಸ್ಕ್ ಗಾಲಿ ಎರಡೂ ಬಗೆ ಇದ್ದವು. ತಂತಿಗಾಲಿ ಕೂರುವ ಹಬ್ಬು ಹೊರಚಾಚುವುದರಿಂದ, ಕಾರ್ಖಾನೆಯವರು ಆ ಕಾರುಗಳ ಹಿಂದಿನ ಅಚ್ಚನ್ನೇ ಗಿಡ್ಡ ಮಾಡಿದರು. ಗಾಲಿಯ ಚಂದಕ್ಕೆ ಜಾಗ ಬೇಕಾದಾಗ ಅವರು ಅಚ್ಚಿನವರೆಗೂ ಹೋಗಿ ಸರಿಮಾಡಿದರೇ ಹೊರತು ಗಾಲಿಯನ್ನು ಹೊರಗೆ ತೂಗುಬಿಡಲಿಲ್ಲ. ಇದನ್ನು ಹೇಳಿದಾಗ ಹುಡುಗ ಮೊದಲ ಸಲ ನಕ್ಕ.

ಪಾಲಕರು ತಿಳಿದಿರಬೇಕಾದ ಇನ್ನೊಂದು ಮಾತುಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರ ತಯಾರಕರು ಗೊತ್ತುಮಾಡಿದ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಗಾಲಿ ಬದಲಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಅಪಘಾತವಾದ ಮೇಲೆ ವಿಮೆಯ ತಕರಾರಿನಲ್ಲಿ ಇಂಥ ಸಂಗತಿ ಮೇಲೆ ಬಂದರೆ ಗೋಳಾಟ ಮನೆಮಂದಿಗೆಲ್ಲ. ಮಕ್ಕಳ ಆಸೆಗೆ “ಬೇಡ” ಎನ್ನುವುದು ಸುಲಭ. ಒಂದು ಟೇಪು ಹಿಡಿದು ಅವರೊಡನೆ ಅಂಗಳದಲ್ಲಿ ಕುಳಿತುಕೊಳ್ಳುವುದಕ್ಕೆ ಒಂದು ಮಧ್ಯಾಹ್ನ ಬೇಕು.

ಅಂದೇ ಹಳೆಯ ನಾಲ್ಕು ರಿಮ್ಮುಗಳನ್ನು ಉಜ್ಜಿ, ತೂತುಗಳು ಸವೆದಿಲ್ಲವೆಂದು ನೋಡಿ, ಜೀಪಿಗೆಂದೇ ಮಾಡಿದ 6.00-16 ಟೈರುಗಳನ್ನು ತರಿಸಿ ಹಾಕಿದೆವು. ಹಣ ಕೊಟ್ಟವನು ಅಣ್ಣ. ಅಗಲ ಗಾಲಿಗಳು ಕರಾರಿನಂತೆ ಇಂಡಿಗೆ ವಾಪಸು ಹೋದವು.

ಚರಗ ಚೆಲ್ಲಿದ ದಿನ

ಎಳ್ಳಮಾವಾಸ್ಯೆಯ ಬೆಳಿಗ್ಗೆ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಲೆಯ ಬುಟ್ಟಿಗಳೆಲ್ಲ ಜೀಪಿನೊಳಗೆ ಸೇರಿದವು. ಅವ್ವ ಮುಂದಿನ ಸೀಟಿನಲ್ಲಿ; ಹಿಂದೆ ಮಕ್ಕಳು. ಊರ ಹೊರಗಿನ ಬಂಡಿದಾರಿಗೆ ಇಳಿದಾಗ ನಾನು ಅಣ್ಣನ ಕಡೆ ನೋಡಿದೆ, ಅಣ್ಣ ಗಾಲಿಯ ಕಡೆ ನೋಡುತ್ತಿದ್ದ. ಈ ಸಲ ಜೀಪು ಒಂದು ಬದಿಗೆ ತಲೆಯೆತ್ತಲಿಲ್ಲ. ಸಪೂರ ಗಾಲಿಗಳು ಜಾಡು ಹಿಡಿದುಕೊಂಡು ನಡೆದವು. ಸ್ಟೀರಿಂಗ್ ಹುಡುಗನ ಕೈಯಲ್ಲಿ ಸುಮ್ಮನಿತ್ತು. ಅವ್ವ ಹಿಡಿಕೆ ಬಿಟ್ಟು ಸೆರಗು ಸರಿಪಡಿಸಿಕೊಂಡಳು.

ಬನ್ನಿಗಿಡದ ಕೆಳಗೆ ಪೂಜೆಗೆ ಅಣಿ ಮಾಡುತ್ತಿದ್ದಂತೆ ಹುಡುಗ ಜೀಪಿನ ಹತ್ತಿರ ಹೋಗಿ, ಒಂದೊಂದೇ ಹಬ್ಬಿಗೆ ಅಂಗೈಯ ಹಿಂಭಾಗ ತಾಗಿಸಿ ನೋಡಿದ. ನಾಲ್ಕೂ ತಣ್ಣಗಿದ್ದವು. ಅವನು ಈಚೆ ಬಂದ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅಣ್ಣನೂ ಹೋಗಿ ಎಡಗಡೆಯ ಮುಂದಿನ ಹಬ್ಬನ್ನು ಮುಟ್ಟಿ ನೋಡಿ ಬಂದ.